ಹುಳ ಹಣ್ಣಾಗುವ ವಾರ ಮತ್ತು ನನ್ನ ಷಡ್ಡಕನ ಸನ್ಮಾನ

ಈ ಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತಿರುವ ತಾಲ್ಲೂಕು ಆರೋಗ್ಯಾಧಿಕಾರಿಗಳಾದ ಸನ್ಮಾನ್ಯ ರಮೇಶ್‌ಬಾಬು ಅವರೇ, ನಮ್ಮೂರಿನ ಆಸ್ಪತ್ರೆಯನ್ನು ತವರುಮನೆಯಂತೆ ನೋಡಿಕೊಳ್ಳುವ ಡಾಕ್ಟರ್ ಶಿರೀಷಾ ಅವರೇ, ಬೆಂಗಳೂರಿನಿಂದ ಬಂದು ಆ ಆಸ್ಪತ್ರೆಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಟ್ಟ ಇಂಜಿನಿಯರ್ ಮಧುಸೂದನ್ ಅವರೇ, ಶಾಲು ಹೊದ್ದು, ಹಾರದ ಭಾರಕ್ಕೆ ತುಸು ಮುಂದಕ್ಕೆ ಬಾಗಿ ಕುಳಿತಿರುವ ಇಂದಿನ ಸನ್ಮಾನಿತರೂ ನನ್ನ ಷಡ್ಡಕರೂ ಆದ ಶ್ರೀ ನರಸಿಂಹಮೂರ್ತಿ ಅವರೇ, ಮುಂದಿನ ಸಾಲಿನ ತಾಯಂದಿರೇ, ಗೋಡೆಗೆ ಒರಗಿ ನಿಂತಿರುವ ಮಹನೀಯರೇ, ಹಿಂದುಗಡೆ ಸಾರಿನ ವಾಸನೆ ಹಿಡಿದು ಕುಳಿತಿರುವ ಎಲ್ಲ ಸಭಿಕರೇ.

ನಾನು ಚನ್ನಕೇಶವ. ನನ್ನ ಓದು ಈ ಊರಿನ ಶಾಲೆಯಲ್ಲೇ ಶುರುವಾಗಿ ಈ ಊರಿನ ಶಾಲೆಯಲ್ಲೇ ಮುಗಿಯಿತು. ಆದರೂ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನನ್ನ ಗೂಡು ಇಳಿದರೆ ನೂಲು ತೆಗೆಯುವ ರೀಲರುಗಳು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ಎದ್ದು ಬರುತ್ತಾರೆ. ಇದು ಜಂಬವಲ್ಲ. ನಿಮ್ಮಲ್ಲಿ ಅರ್ಧ ಜನ ಕಣ್ಣಾರೆ ನೋಡಿದ್ದೀರಿ, ಇನ್ನರ್ಧ ಜನ ನೋಡಿಯೂ ನೋಡದ ಹಾಗೆ ಹೋಗಿದ್ದೀರಿ.

ಸನ್ಮಾನಿತರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕೆಂದು ಡಾಕ್ಟರಮ್ಮ ನನಗೆ ಹೇಳಿದ್ದಾರೆ. ಆಡುತ್ತೇನೆ. ಅದಕ್ಕೂ ಮೊದಲು ಈ ಸಭೆ ಯಾಕೆ ಎಂಬುದು ಎಲ್ಲರಿಗೂ ತಿಳಿಯಬೇಕು. ನಮ್ಮ ಆಸ್ಪತ್ರೆಯ ಕಂಪ್ಯೂಟರಿಗೆ ಒಂದು ವರ್ಷ ತುಂಬಿದೆ. ಅದು ಚೆನ್ನಾಗಿ ನಡೆಯುತ್ತಿರುವುದರಿಂದ ಇನ್ನು ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಯ ಆಸ್ಪತ್ರೆಗಳಿಗೂ ಹೋಗುತ್ತದೆ. ಅದಕ್ಕಾಗಿ ಜಿಲ್ಲೆಯಲ್ಲಿ ಒಂದು ಸಮಿತಿ. ಅದರಲ್ಲಿ ಅಧಿಕಾರಿಗಳು, ಇಂಜಿನಿಯರುಗಳು, ಅವರ ನಡುವೆ ಬಳಕೆದಾರರ ಪರವಾಗಿ ಒಬ್ಬರು. ಒಬ್ಬರೇ. ಆ ಒಬ್ಬರ ಮನೆ ಬಾಗಿಲಿಗೆ ಜೀಪು ಬರುತ್ತದೆ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯ ಮೇಜಿನ ಮೇಲೆ ಅವರ ಹೆಸರಿನ ಫಲಕ ಇರುತ್ತದೆ. ಆ ಹೆಸರನ್ನು ಈ ಭಾಷಣಗಳು ಮುಗಿದ ಮೇಲೆ ಅಧ್ಯಕ್ಷರು ಓದುತ್ತಾರೆ.

ಆ ಹೆಸರು ಯಾವುದಿರಬಹುದು? ಶಾಲು ಯಾರ ಮೈಮೇಲಿದೆ ನೋಡಿದರೆ ಗೊತ್ತಾಗುವುದಿಲ್ಲವೇ? ನಿಮಗೆಲ್ಲ ಗೊತ್ತಾಗಿದೆ. ನನಗೂ ಗೊತ್ತಾಗಿದೆ. ಗೊತ್ತಾಗಿದ್ದಕ್ಕೇ ಬೆಳಗಿನಿಂದ ನನಗೆ ಊಟ ಸೇರಿಲ್ಲ. ಆ ಜಾಗ ನನಗೆ ಬೇಕು ಸ್ವಾಮಿ. ಮುಚ್ಚುಮರೆ ಏಕೆ?

ಇರಲಿ. ಸನ್ಮಾನಿತರಿಗೆ ಬರೋಣ. ನಾನು ಅವರನ್ನು ಮೂರ್ತಿಯಣ್ಣ ಎನ್ನುತ್ತೇನೆ. ಅವರ ಹೆಂಡತಿ ಅಕ್ಕ, ನನ್ನ ಹೆಂಡತಿ ತಂಗಿ. ಮುದ್ದೇನಹಳ್ಳಿ ಪಕ್ಕದ ಒಂದೇ ಮನೆಯಿಂದ ಹೆಣ್ಣು ತಂದೆವು. ಮೊದಲು ಅಳಿಯನಾದವರಿಗೆ ಸಿಗುವ ಸೌಭಾಗ್ಯ ಎಂಥದು ಎಂದು ಎರಡನೇ ಅಳಿಯನನ್ನು ಕೇಳಬೇಕು. ಯುಗಾದಿಯ ಮಾರನೆಯ ಹೊಸತೊಡಕಿನ ದಿನ ನಮ್ಮ ಮಾವ ಮೊದಲ ತುಂಡು ಅವರ ಎಲೆಗೆ ಹಾಕಿ, ಆಮೇಲೆ ಮಾತಾಡುತ್ತಾ ಮಾತಾಡುತ್ತಾ ನನ್ನ ಎಲೆಯನ್ನು ಮರೆಯುತ್ತಿದ್ದರು. ಅವರಿಗೆ ಕುರ್ಚಿ, ನನಗೆ ಚಾಪೆ. ಅವರು ಹಾಲಿನ ಡೇರಿ ಕಾರ್ಯದರ್ಶಿ, ಇಸ್ತ್ರಿ ಶರ್ಟು. ನಾನು ಹುಳ ಸಾಕುವವನು, ಶರ್ಟಿನ ತುಂಬ ಸೊಪ್ಪಿನ ಕಲೆ. ನಾನು ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡವನಲ್ಲ. ಇಟ್ಟುಕೊಂಡಿದ್ದರೆ ಈ ವೇದಿಕೆಯ ಮೇಲೆ ಹೇಳುತ್ತಿದ್ದೆನೇ?

ಈಗ ಕಂಪ್ಯೂಟರಿನ ವಿಷಯ. ಕಳೆದ ವರ್ಷ ಮಧುಸೂದನ್ ಅವರು ಮೊದಲು ತಂದದ್ದು ಬೇರೆ ವ್ಯವಸ್ಥೆ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರ ಹೆಸರು ಹಾಕಿದರೆ ಕಂಪ್ಯೂಟರೇ ಮುಂದಿನ ತಿಂಗಳ ತಾರೀಖು ಕೊಡುತ್ತಿತ್ತು. ಆ ದಿನ ಬಂದರೆ ಮಾತ್ರೆ. ಬಾರದಿದ್ದರೆ ಹೆಸರಿನ ಮುಂದೆ ಕೆಂಪು ಬಣ್ಣ. ಒಂದೆರಡು ಸಲ ತಪ್ಪಿಸಿದರೆ ನರ್ಸಮ್ಮನವರು ಫೋನಿನಲ್ಲಿ ಗದರುತ್ತಿದ್ದರು. ನೋಡಲಿಕ್ಕೆ ಬಹಳ ಅಚ್ಚುಕಟ್ಟು. ನಮ್ಮ ಹಳ್ಳಿಗಳ ಹೆಂಗಸರ ಪಟ್ಟಿ ಮಾತ್ರ ಮೇಲಿಂದ ಕೆಳಗಿನವರೆಗೂ ಕೆಂಪಾಗುತ್ತಾ ಹೋಯಿತು.

ಯಾಕೆ ಕೆಂಪಾಯಿತು? ಬೆಂಗಳೂರಿನವರಿಗೆ ಅದು ತಿಳಿಯಲಿಲ್ಲ, ತಪ್ಪಲ್ಲ. ಹುಳ ಸಾಕುವ ಮನೆಯ ಹೆಂಗಸು ಬರಬೇಕೆಂದರೆ ಹುಳ ಬಿಡಬೇಕಲ್ಲ? ಚಾಕಿ ಮರಿ, ಅಂದರೆ ಎಳೆ ಹುಳ, ಮನೆಗೆ ಬಂದಾಗ ಹೇಗೋ ನಡೆಯುತ್ತದೆ. ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಹುಳ ರಾತ್ರಿ ಹಗಲು ಸೊಪ್ಪು ತಿನ್ನುತ್ತದೆ. ಆಮೇಲೆ ಮೈ ಹೊಳೆದು ಹಣ್ಣಾಗುತ್ತದೆ. ಹಣ್ಣಾದ ಹುಳವನ್ನು ಆಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ಗೂಡು ಕಟ್ಟಬೇಕಾದ ನೂಲನ್ನು ಸೊಪ್ಪಿನ ಕಡ್ಡಿಗೇ ಸುತ್ತಿ ಹಾಳು ಮಾಡುತ್ತದೆ. ಆ ವಾರ ಮನೆಯಿಂದ ಹೆಂಗಸು ಹೊರಗೆ ಹೋದರೆ ಬೆಳೆಯೇ ಹೋಯಿತು. ಇನ್ನೊಂದು ಚೋದ್ಯ ಕೇಳಿ: ಕಂಪ್ಯೂಟರಿಗೂ ತಿಂಗಳಿಗೊಂದು ತಾರೀಖು, ನಮಗೂ ಹೆಚ್ಚು ಕಡಿಮೆ ತಿಂಗಳಿಗೊಂದು ಬೆಳೆ. ಒಂದು ಸಲ ತಾರೀಖು ಹಣ್ಣು ಹುಳದ ವಾರಕ್ಕೆ ಬಿತ್ತೆಂದರೆ ಮುಂದಿನ ತಿಂಗಳೂ ಅಲ್ಲೇ, ಅದರ ಮುಂದಿನ ತಿಂಗಳೂ ಅಲ್ಲೇ ಬೀಳುತ್ತದೆ.

ಇದರ ಮೇಲೆ ಮನೆಮನೆಯ ಶಿಸ್ತು ಬೇರೆ. ನನ್ನ ಮನೆಯಷ್ಟು ಶುಚಿಯಾಗಿ ಹುಳ ಸಾಕುವವರು ಈ ಸುತ್ತಿನಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಘಾಟು ವಾಸನೆ ಹುಳಕ್ಕೆ ಆಗುವುದಿಲ್ಲವೆಂದು ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ನೋವಿನ ಮುಲಾಮು ಹಚ್ಚಿಕೊಂಡವರು ಬಾಗಿಲು ದಾಟುವಂತಿಲ್ಲ. ಆಸ್ಪತ್ರೆಗೆ ಹೋಗಿ ಬಂದವರು ತಲೆಗೆ ಸ್ನಾನ ಮಾಡಿ, ಸೀರೆ ಬದಲಾಯಿಸಿ, ಕೂದಲು ಆರಿದ ಮೇಲೆಯೇ ಹುಳದ ಮನೆಗೆ ಕಾಲಿಡಬೇಕು. ಈ ನಿಯಮ ಮಾಡಿದವನು ನಾನು. ರೇಷ್ಮೆ ಇಲಾಖೆಯವರು ಬಂದು ಬೆನ್ನು ತಟ್ಟಿ ಹೋಗಿದ್ದಾರೆ. ಹಾಗಾಗಿ ನನ್ನ ಹೆಂಡತಿ ಮುನಿಗಂಗಮ್ಮ ಆಸ್ಪತ್ರೆಗೆ ಹೋಗುವ ಯೋಚನೆ ಬಂದಾಗೆಲ್ಲ ಸ್ನಾನದ ಯೋಚನೆ ಮಾಡಿ, ಸೊಪ್ಪಿನ ಯೋಚನೆ ಮಾಡಿ, ಸುಮ್ಮನಾಗುತ್ತಿದ್ದಳು. ಅಷ್ಟು ಶಿಸ್ತಿನ ಹೆಂಗಸು.

ಅವಳ ಬಿ.ಪಿ. ಮಾತ್ರೆ ಮುಗಿದಿತ್ತು. ನನಗೆ ಗೊತ್ತಿರಲಿಲ್ಲ. ಮಾತ್ರೆ ಮುಗಿದಿದೆಯೆಂದು ಹೆಂಡತಿ ಹೇಳದೆ ಗಂಡನಿಗೆ ಗೊತ್ತಾಗುವುದು ಹೇಗೆ? ನೀವೇ ಹೇಳಿ, ನಿಮ್ಮ ನಿಮ್ಮ ಮನೆಯಲ್ಲಿ ಗೊತ್ತಾಗುತ್ತದೆಯೇ? ತಾಯಂದಿರು ನಗುತ್ತಿದ್ದೀರಿ. ನಗಿ.

ನಾನು ಹಿಂದಿನ ತಂಡದ ಗೂಡು ತೆಗೆದುಕೊಂಡು ಮಾರುಕಟ್ಟೆಗೆ ಹೋಗಿದ್ದ ದಿನ, ಇವಳು ಚಂದ್ರಿಕೆಗಳ ಮಧ್ಯೆ ತಲೆ ಸುತ್ತಿ ಬಿದ್ದಳು. ಆಗ ಮನೆಗೆ ಯಾರು ಬರಬೇಕು? ಇದೇ ಮೂರ್ತಿಯಣ್ಣ. ಯಾರದೋ ಗೃಹಪ್ರವೇಶದ ಕರೆಯೋಲೆ ಕೊಡಲು ಪೆರೇಸಂದ್ರದ ಕಡೆಯಿಂದ ಬರುತ್ತಿದ್ದವರು ದಾರಿಯಲ್ಲೇ ನಮ್ಮ ಮನೆ ಇದೆಯೆಂದು ಒಳಗೆ ಬಂದರು. ಚಪ್ಪಲಿ ಕೂಡ ಬಿಡದೆ ನನ್ನ ಹುಳದ ಮನೆಗೆ ನುಗ್ಗಿದರು. ಸೆಂಟು ಬೇರೆ ಹಾಕಿಕೊಂಡಿದ್ದರು. ಅವಳನ್ನು ಎತ್ತಿ ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ತಂದರು.

ನನಗೆ ಸುದ್ದಿ ಮುಟ್ಟಿ ನಾನು ಓಡಿ ಬರುವಷ್ಟರಲ್ಲಿ ಇವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಇವರು ಕೂತಿದ್ದರು. ಎಳನೀರು ಇವರೇ ಕುಡಿಸುತ್ತಿದ್ದರು. ಬಾಗಿಲಲ್ಲಿದ್ದ ನರ್ಸಮ್ಮ ನನ್ನ ಶರ್ಟು ನೋಡಿ, “ಪೇಷಂಟ್ ಕಡೇರು ಆಗ್ಲೇ ಒಳಗಿದಾರೆ, ನೀವು ಆಚೆ ನಿಂತ್ಕಳಿ” ಎಂದರು. ಸಭಿಕರೇ, ತಾಳಿ ಕಟ್ಟಿದವನು ಆಚೆ. ಅಲ್ಲೂ ಅವರಿಗೆ ಸ್ಟೂಲು, ನನಗೆ ನೆಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮರೆಯುತ್ತಿದ್ದೆ. ದಾಖಲು ಮಾಡುವಾಗ ಕಂಪ್ಯೂಟರಿನಲ್ಲಿ ಫೋನ್ ನಂಬರು ಕೇಳಿತು. ಇವರು ತಮ್ಮ ನಂಬರು ಕೊಟ್ಟರು. ಪಾಪ, ಆ ಹೊತ್ತಿನಲ್ಲಿ ಬೇರೆ ಯಾರ ನಂಬರು ಕೊಡಬೇಕು? ಒಪ್ಪುತ್ತೇನೆ. ಆದರೆ ಇವತ್ತಿಗೂ ನನ್ನ ಹೆಂಡತಿಯ ರಕ್ತದ ಒತ್ತಡದ ಸಮಾಚಾರ ಇವರ ಫೋನಿಗೆ ಹೋಗುತ್ತದೆ. ಇವರು ನನಗೆ ಫೋನು ಮಾಡಿ, “ಕೇಶವ, ಗಂಗಮ್ಮನ ಮಾತ್ರೆ ಮುಗೀತಂತೆ ಕಣಪ್ಪ, ಕರ್ಕೊಂಡು ಹೋಗು” ಎನ್ನುತ್ತಾರೆ. ನನ್ನ ಮನೆಯ ಸುದ್ದಿ ಇವರ ಜೇಬಿನಿಂದ ನನಗೆ ಬರಬೇಕು. ನಂಬರು ಬದಲಾಯಿಸಿ ಎಂದು ಆಸ್ಪತ್ರೆಯಲ್ಲಿ ಕೇಳಿದೆ. ಪೇಷಂಟೇ ಬಂದು ಹೇಳಬೇಕು, ಅದು ನಿಯಮ ಎಂದರು. ಪೇಷಂಟನ್ನು ಕೇಳಿದೆ. “ಭಾವ ಫೋನ್ ಎತ್ತಾರೆ. ನೀವು ಎತ್ತಲ್ಲ” ಎಂದಳು. ಮಾರುಕಟ್ಟೆಯ ಗದ್ದಲದಲ್ಲಿ ಫೋನು ಕೇಳಿಸುವುದಿಲ್ಲ ಎಂಬುದು ಇವಳಿಗೆ ಗೊತ್ತಿಲ್ಲವೇ?

ಇವಳು ಯಾಕೆ ತಾರೀಖಿಗೆ ಬರಲಿಲ್ಲ ಎಂದು ಅಂದು ಡಾಕ್ಟರಮ್ಮ ಕೇಳಿದರು. ಇವರು ಸ್ಟೂಲಿನ ಮೇಲೆ ಕೂತಲ್ಲಿಂದಲೇ ಹೇಳಿದರಂತೆ: “ಹುಳ ಹಣ್ಣಾಗೋ ವಾರಕ್ಕೆ ಕರೆದ್ರೆ ಇವಳಲ್ಲ, ಈ ಊರಲ್ಲಿ ಯಾರೂ ಬರಲ್ಲಮ್ಮ.” ಇಷ್ಟೇ. ಒಂದೇ ಮಾತು. ಆ ಒಂದು ಮಾತಿಗೆ ಈ ಶಾಲು.

ಅದು ಯಾರ ಮಾತು? ಪಂಚಾಯ್ತಿ ಕಟ್ಟೆಯ ಮೇಲೆ ನಾನು ಎಷ್ಟು ಸಲ ಹೇಳಿಲ್ಲ? ಡಾಕ್ಟರುಗಳಿಗೆ ಹುಳ ಗೊತ್ತಿಲ್ಲ, ಹುಳಕ್ಕೆ ಡಾಕ್ಟರು ಗೊತ್ತಿಲ್ಲ ಎಂದು ನಾನು ಹೇಳುತ್ತಲೇ ಬಂದವನು. ಆದರೆ ನಾನು ಹೇಳಿದ್ದು ಕಟ್ಟೆಯ ಮೇಲೆ, ಇವರು ಹೇಳಿದ್ದು ಡಾಕ್ಟರಮ್ಮನ ಮುಂದೆ. ಇವರು ಹಿಪ್ಪುನೇರಳೆ ಕಿತ್ತು ದ್ರಾಕ್ಷಿ ಹಾಕಿ ಎಷ್ಟು ಕಾಲವಾಯಿತು. ಹುಳ ಮುಟ್ಟದವರಿಗೆ ಹುಳದ ಬಗ್ಗೆ ಹೇಳಿ ಹೆಸರು ಬಂತು. ಬಿದ್ದದ್ದು ನನ್ನ ಮನೆಯಲ್ಲಿ, ಹುಳ ನನ್ನವು, ಹೆಂಡತಿ ನನ್ನವಳು, ಕಥೆ ಮಾತ್ರ ಅವರದು.

ಆ ಮಾತು ಕೇಳಿದ ಡಾಕ್ಟರಮ್ಮ ಮಧುಸೂದನ್ ಅವರನ್ನು ಕರೆಸಿದರು. ಈ ಇಂಜಿನಿಯರ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅವರು ವಾದ ಮಾಡಲಿಲ್ಲ. ಮಾಡಿದ್ದನ್ನು ಪಕ್ಕಕ್ಕಿಟ್ಟು, ಆಸ್ಪತ್ರೆಗೆ ಬರುವವರನ್ನೇ ಕೂರಿಸಿಕೊಂಡು ಮತ್ತೆ ಮಾಡೋಣ ಎಂದರು. ಬಳಕೆದಾರರ ಗುಂಪು ಎಂದು ಹೆಸರಿಟ್ಟರು. ಸಂಚಾಲಕರು ಯಾರು? ಇಸ್ತ್ರಿ ಶರ್ಟು. ಇಂಜಿನಿಯರ್ ಕಂಪ್ಯೂಟರಿನ ತೆರೆಯನ್ನು ಹಾಳೆಯ ಮೇಲೆ ಬರೆದು ತಂದು, ಇಲ್ಲಿ ಏನು ಕೇಳಬೇಕು, ಇಲ್ಲಿ ಯಾವ ಗುಂಡಿ ಇರಬೇಕು ಎಂದು ಆಸ್ಪತ್ರೆಯ ಈ ಜಗಲಿಯ ಮೇಲೆ ಕೂತು ಕೇಳಿದರು. ತೆಲುಗು ಮನೆಯ ಒಬ್ಬ ಅಜ್ಜಿ ಹಾಳೆಯನ್ನು ದೂರ ತಳ್ಳಿ, “ನಾಕು ಚದುವು ರಾದು ನಾಯನಾ, ಅದಿ ಮಾಟ್ಲಾಡ್ತುಂದಾ?” ಎಂದಳು. ಓದಲು ಬಾರದವಳಿಗೆ ಅದು ಮಾತಾಡಬಾರದೇ? ಹಾಗಾಗಿ ಈಗ ಫೋನಿಗೆ ಬರೆದ ಸಂದೇಶದ ಬದಲು ದನಿ ಬರುತ್ತದೆ, ಕನ್ನಡದಲ್ಲೂ ತೆಲುಗಿನಲ್ಲೂ, ಅದೂ ಸಂಜೆ ಸೊಪ್ಪು ಹಾಕಿ ಕೈ ತೊಳೆಯುವ ಹೊತ್ತಿಗೆ.

ಆ ಗುಂಪಿಗೆ ನನ್ನನ್ನು ಕರೆದಿರಲಿಲ್ಲ. ಕರೆಯದಿದ್ದರೇನು, ಜಗಲಿ ಸರ್ಕಾರದ್ದು. ನಾನೂ ಹೋಗಿ ಕೂತೆ. ಆ ದಿನ ಮಧುಸೂದನ್ ಅವರು ಹೊಸ ಪ್ರಶ್ನೆಯೊಂದನ್ನು ತೋರಿಸುತ್ತಿದ್ದರು: ಮನೆಯಲ್ಲಿ ಹುಳ ಯಾವ ಹಂತದಲ್ಲಿದೆ? ಅದಕ್ಕೆ ಚಿತ್ರಗಳು. ಚಿತ್ರ ನೋಡಿ ನಾನು ದಂಗಾದೆ. ಎಲ್ಲಿಂದಲೋ ಇಳಿಸಿಕೊಂಡ ಕಂಬಳಿ ಹುಳ, ಮೈ ತುಂಬ ರೋಮ. ನಮ್ಮ ಮೂರ್ತಿಯಣ್ಣ ಅದನ್ನೂ ನೋಡಿ, ಚೆನ್ನಾಗಿದೆ ಸರ್ ಎನ್ನುತ್ತಾ ತಲೆಯಾಡಿಸುತ್ತಿದ್ದರು. ಇದನ್ನು ಮುಟ್ಟಿದರೆ ಮೈಯೆಲ್ಲ ತುರಿಸುತ್ತದೆ, ಇದರಿಂದ ಸೀರೆ ನೇಯುತ್ತೀರಾ ಎಂದು ನಾನು ಕೇಳಿದೆ. ಇಡೀ ಜಗಲಿ ನಕ್ಕಿತು. ಆಮೇಲೆ ಇಂಜಿನಿಯರ್ ನನ್ನ ಮನೆಗೇ ಬಂದು ಫೋಟೋ ತೆಗೆದರು. ಈಗ ಆ ತೆರೆಯ ಮೇಲಿರುವ ಹುಳಗಳು ನನ್ನ ಮನೆಯವು. ತಟ್ಟೆ ಹಿಡಿದ ಬಳೆಯ ಕೈ ಮುನಿಗಂಗಮ್ಮನದು. ಗೌರಿಬಿದನೂರಿನವರೆಗೂ ನನ್ನ ಹುಳ ಹೋಗುತ್ತದೆ, ನಾನು ಹೋಗುವುದಿಲ್ಲ. ಇದು ಯಾವ ನ್ಯಾಯ?

ಈಗ ಆ ಚಿತ್ರ ಮುಟ್ಟಿದರೆ ಕಂಪ್ಯೂಟರ್ ಹಣ್ಣು ಹುಳದ ವಾರ ಬಿಟ್ಟು ತಾರೀಖು ಕೊಡುತ್ತದೆ. ಮಾತ್ರೆ ಅಲ್ಲಿಯವರೆಗೆ ಸಾಲುವಷ್ಟು ಮೊದಲೇ ಕೊಡುತ್ತಾರೆ. ಪಟ್ಟಿಯಲ್ಲಿ ಕೆಂಪು ಇಳಿದಿದೆ. ಆದರೆ ಇದನ್ನೇ ಎತ್ತಿಕೊಂಡು ಹೋಗಿ ಬೇರೆ ಕಡೆ ಹಾಕಿದರೆ ಆದೀತೇ? ಚಿಂತಾಮಣಿಯಲ್ಲಿ ಟೊಮೆಟೊ ಕೀಳುವವರಿಗೆ ಹುಳದ ಚಿತ್ರ ತೋರಿಸಿ ಏನು ಕೇಳುವುದು? ಗೌರಿಬಿದನೂರಿನ ಗಾರ್ಮೆಂಟ್ಸ್ ಹೆಂಗಸರಿಗೆ ಸಂಜೆ ಎಂದರೆ ಯಾವ ಸಂಜೆ? ಅಲೀಪುರದವರು ನಮಗೆ ಉರ್ದುವಿನಲ್ಲಿ ಹೇಳಿ ಎಂದರೆ, ಮೊಹರಂ ದಿನಗಳಲ್ಲಿ ತಾರೀಖು ಬೇಡ ಎಂದರೆ, ಸಮಿತಿಯಲ್ಲಿ ಕೂತು ತಕರಾರು ತೆಗೆಯುವವರು ಯಾರು? ಎಲ್ಲದಕ್ಕೂ ಚೆನ್ನಾಗಿದೆ ಸರ್ ಎನ್ನುವವರನ್ನು ಅಲ್ಲಿ ಕೂರಿಸಿದರೆ ಮತ್ತೆ ಕಂಬಳಿ ಹುಳವೇ ಗತಿ. ಅಲ್ಲಿಗೆ ಜಗಳಗಂಟರು ಬೇಕು. ಈ ಹೋಬಳಿಯಲ್ಲಿ ನನಗಿಂತ ಜಗಳಗಂಟ ಇದ್ದರೆ ಕೈ ಎತ್ತಲಿ.

ಯಾರೂ ಎತ್ತಲಿಲ್ಲ. ಅಧ್ಯಕ್ಷರು ಗಮನಿಸಬೇಕು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ ಸಾರ್. ಒಂದೇ ಒಂದು ವಿಷಯ. ಅದನ್ನು ಹೇಳದೆ ಕೂತರೆ ನನಗೆ ಇನ್ನೂ ಊಟ ಸೇರುವುದಿಲ್ಲ.

ಸಮಿತಿಗೆ ಬೇಕಾದದ್ದು ಬಳಕೆದಾರ. ಹಾಗೆಂದು ಆದೇಶದಲ್ಲೇ ಇದೆಯೆಂದು ಡಾಕ್ಟರಮ್ಮ ಓದಿ ಹೇಳಿದ್ದಾರೆ. ಬಳಕೆದಾರ ಎಂದರೆ ಯಾರು? ಈ ಆಸ್ಪತ್ರೆಯಲ್ಲಿ ಕಾರ್ಡು ಮಾಡಿಸಿದವನು, ಈ ಆಸ್ಪತ್ರೆಯ ಮಾತ್ರೆ ನುಂಗಿದವನು, ಈ ಕಂಪ್ಯೂಟರಿನಲ್ಲಿ ಹೆಸರು ಇರುವವನು. ಸನ್ಮಾನಿತರನ್ನು ನಾನು ಸವಿನಯವಾಗಿ ಕೇಳುತ್ತೇನೆ. ಅಣ್ಣ, ನಿಮ್ಮ ಸಕ್ಕರೆ ಕಾಯಿಲೆಗೆ ನೀವು ಎಲ್ಲಿ ತೋರಿಸುತ್ತೀರಿ? ಬೆಂಗಳೂರಿನಲ್ಲಿ. ಕಾರಿನಲ್ಲಿ ಹೋಗಿ, ಏಸಿಯಲ್ಲಿ ಕೂತು. ಈ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡು ಇದೆಯೇ? ಇಲ್ಲ. ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಇದೆಯೇ? ಇಲ್ಲ. ನಾನು ಬೆಳಿಗ್ಗೆಯೇ ಕೌಂಟರಿನಲ್ಲಿ ಕೇಳಿ ಬಂದಿದ್ದೇನೆ. ಫೋನ್ ನಂಬರು ಇದೆ, ಅದು ನನ್ನ ಹೆಂಡತಿಯ ಲೆಕ್ಕದಲ್ಲಿ. ಹಾಗಿದ್ದ ಮೇಲೆ ಇವರು ಬಳಕೆದಾರರ ಪ್ರತಿನಿಧಿ ಹೇಗಾಗುತ್ತಾರೆ? ಈ ಪ್ರಶ್ನೆಯನ್ನು ನಾನು ಸಭೆಯ ಮುಂದೆ ಇಡುತ್ತೇನೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಆದೇಶ ತಿರುವುತ್ತಿದ್ದಾರೆ. ತಿರುವಿ ಸಾರ್, ನಿಧಾನವಾಗಿ ತಿರುವಿ.

ಯಾರಪ್ಪ ಅದು ಹಿಂದೆ ನಕ್ಕವರು? ಏನಂದೆ? ಗಟ್ಟಿಯಾಗಿ ಹೇಳು, ಮೈಕಿನ ಸದ್ದಿಗೆ ಕೇಳುವುದಿಲ್ಲ.

ನನ್ನ ಕಾರ್ಡು ಎಲ್ಲಿ ಎನ್ನುತ್ತಿದ್ದಾನೆ.

ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಕಾರ್ಡಿಲ್ಲ. ಯಾಕಿಲ್ಲ? ನಾನು ಇದುವರೆಗೆ ಒಂದು ಸೂಜಿ ಚುಚ್ಚಿಸಿಕೊಂಡವನಲ್ಲ. ಈ ದೇಹ ರಾಗಿ ತಿಂದು ಬೆಳೆದದ್ದು. ಇದನ್ನು ನಾನು ಎಲ್ಲ ಕಡೆ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ಇವತ್ತು ಇಲ್ಲಿ, ಈ ಜಾಗದಲ್ಲಿ, ಅದು ನನ್ನ ಕಾಲಿಗೇ ತೊಡರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಡಾಕ್ಟರಮ್ಮ ನಗುತ್ತಿದ್ದಾರೆ. ಮೂರ್ತಿಯಣ್ಣ ಹಾರದ ಹಿಂದೆ ಮುಖ ಮುಚ್ಚಿಕೊಂಡಿದ್ದಾರೆ, ಅವರೂ ನಗುತ್ತಿರಬೇಕು. ನಗದೆ ಕೂತಿರುವವಳು ಒಬ್ಬಳೇ, ತಾಯಂದಿರ ಸಾಲಿನಲ್ಲಿ, ಕಂಬದ ಪಕ್ಕ.

ನಿನ್ನೆ ಸೊಪ್ಪು ಕತ್ತರಿಸುವಾಗ ನಾನು ಇದೇ ಸಂಕಟವನ್ನು ಅವಳ ಮುಂದೆ ತೋಡಿಕೊಂಡೆ. ನೋಡೇ, ನಿನ್ನ ಭಾವನಿಗೆ ಜೀಪಂತೆ, ಫಲಕವಂತೆ, ನಮ್ಮ ಮನೆಯ ಕಥೆ ಹೇಳಿಕೊಂಡು ಎಷ್ಟು ಮೇಲೆ ಹೋದರು ಎಂದೆ. ಅವಳು ಕುಡುಗೋಲು ನಿಲ್ಲಿಸದೆ ಹೇಳಿದಳು: “ಬಿದ್ದೋಳು ನಾನು. ಭಾವ ಶಾಲು ಹೊದ್ಕೊಂಡ್ರು, ನೀವು ಹೊಟ್ಟೆ ಉರ್ಕೊಂಡ್ರಿ. ಆ ಜಗಲಿ ಮೇಲೆ ಅಷ್ಟು ದಿನ ಕೂತ್ರಲ್ಲ, ಗಂಗಮ್ಮ ನಿಂಗೇನು ಬೇಕು ಅಂತ ನಿಮ್ಮಿಬ್ರಲ್ಲಿ ಒಬ್ರಾದ್ರೂ ಕೇಳಿದ್ರಾ?” ನಿನಗೇನು ಬೇಕು ಎಂದು ಆಗ ಕೇಳಿದೆ. “ಆಸ್ಪತ್ರೇಲೇ ಒಂದು ಸ್ನಾನದ ಮನೆ ಮಾಡ್ಸಿ. ಅಲ್ಲೇ ಮಿಂದು ಬರ್ತೀನಿ. ಇಲ್ಲ, ನಿಮ್ಮ ನಿಯಮ ತೆಗೀರಿ” ಎಂದಳು. ನಿಯಮ ತೆಗೆದರೆ ರೀಲರುಗಳು ಟೀ ಲೋಟ ಕೆಳಗಿಡುತ್ತಾರೆಯೇ?

ಸಭಿಕರೇ, ಆದೇಶದ ಪ್ರಕಾರ ಬಳಕೆದಾರ ಯಾರು ಎಂದು ಕೇಳಿದವನು ನಾನೇ. ಕಾರ್ಡು ಯಾರ ಹತ್ತಿರ ಇದೆ? ಮಾತ್ರೆ ಯಾರು ನುಂಗುತ್ತಾರೆ? ಕಂಪ್ಯೂಟರಿನಲ್ಲಿ ಹೆಸರು ಯಾರದು? ನನಗೆ ಆ ಜಾಗ ಸಿಗುವುದಿಲ್ಲ ಎಂದಾದ ಮೇಲೆ, ಮೂರ್ತಿಯಣ್ಣನಿಗೂ ಅದು ಸಿಗಬಾರದು ಎಂಬ ಏಕೈಕ ಸದುದ್ದೇಶದಿಂದ, ಜಿಲ್ಲಾ ಸಮಿತಿಗೆ ನಾನು ಶ್ರೀಮತಿ ಮುನಿಗಂಗಮ್ಮನವರ ಹೆಸರನ್ನು ಸೂಚಿಸುತ್ತೇನೆ. ಅನುಮೋದಿಸುವವರು ಅನುಮೋದಿಸಬಹುದು.

ನೋಡಿದಿರಾ? ನನ್ನ ಬಾಯಿ ಮುಚ್ಚುವ ಮೊದಲೇ ಚಪ್ಪಾಳೆ ತಟ್ಟಿದವರು ಯಾರು? ಶಾಲು. ಎದ್ದು ನಿಂತು, ಅನುಮೋದಿಸುತ್ತೇನೆ ಎಂದವರು ಯಾರು? ಅದೇ ಶಾಲು. ಸೂಚಿಸಿದವನು ನಾನು, ನಾಳೆ ಪೇಪರಿನಲ್ಲಿ ಫೋಟೋ ಅವರದೇ ಬರುತ್ತದೆ. ಅಧ್ಯಕ್ಷರೂ ತಲೆ ಆಡಿಸುತ್ತಿದ್ದಾರೆ. ಒಂದು ಸಲ ತಾಳಿ ಸಾರ್, ಬರೆದುಕೊಳ್ಳುವ ಮೊದಲು ನಾನು ಇನ್ನೊಮ್ಮೆ ಯೋಚಿಸಬಹುದೇ? ಬರೆದಾಯಿತೇ? ಆಯಿತು.

ಅವಳು ಎದ್ದಳು. ಸೆರಗು ಸರಿಮಾಡಿಕೊಂಡು ವೇದಿಕೆಯ ಕಡೆ ಬರುತ್ತಿದ್ದಾಳೆ. ಹೆಂಗಸರು ಕಾಲು ಮಡಚಿ ದಾರಿ ಬಿಡುತ್ತಿದ್ದಾರೆ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಈ ಊರಿನ ರಸ್ತೆಯಲ್ಲಿ ಅವಳು ನನ್ನ ಹಿಂದೆ ನಡೆದದ್ದನ್ನು ನೋಡಿದ್ದೀರಿ. ಹೀಗೆ ನಡೆದದ್ದನ್ನು ನಾನೂ ನೋಡಿರಲಿಲ್ಲ. ಮೊದಲ ಸಭೆ ಮುಂದಿನ ಸೋಮವಾರವಂತೆ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಹುಳ ಹಣ್ಣಾಗಿರುತ್ತದೆ. ಜೀಪಿನಲ್ಲಿ ಅವಳು ಹೋಗುತ್ತಾಳೆ, ಚಂದ್ರಿಕೆಯ ಮುಂದೆ ನಾನು ಕೂರುತ್ತೇನೆ. ಸಂಜೆ ಜಿಲ್ಲಾ ಆಸ್ಪತ್ರೆಯ ಮೆಟ್ಟಿಲು ತುಳಿದು ಬಂದವಳಿಗೆ, ಸ್ನಾನ ಮಾಡಿ ಬಾ ಎಂದು ಹೇಳುವ ಧೈರ್ಯ ಇನ್ನು ಯಾರಿಗಿದೆ?

ಮೈಕು ಅವಳಿಗೆ ಕೊಡಿ ಎಂದು ಡಾಕ್ಟರಮ್ಮ ಕೈಚಾಚುತ್ತಿದ್ದಾರೆ. ಕೊಡುತ್ತೇನಮ್ಮ. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿಲ್ಲ. ಅದೇ ಈಗ ನನಗಿರುವ ಭಯ. ಇಷ್ಟು ಹೊತ್ತು ಕೇಳಿದ ನಿಮಗೆ, ಕೇಳಬೇಕಾಗಿ ಬಂದ ಮೂರ್ತಿಯಣ್ಣನವರಿಗೆ, ಗಡಿಯಾರ ನೋಡಿಯೂ ತಡೆಯದ ಅಧ್ಯಕ್ಷರಿಗೆ ನನ್ನ ಕೃತಜ್ಞತೆಗಳು. ಅವಳು ಮಾತು ಮುಗಿಸುವವರೆಗೆ ಯಾರೂ ಊಟಕ್ಕೆ ಏಳಬೇಡಿ, ನಾನೂ ಏಳುವುದಿಲ್ಲ. ಎಲ್ಲರಿಗೂ ನಮಸ್ಕಾರ.